ಗಂಟೆ ಹೊಡೆಯುವ ಕಾರು

ಹೊಳೆನರಸೀಪುರದ ಗಂಗಾಂಬಿಕೆಯವರ ಹೊಸ ಕಾರಿಗೆ ದೈವಭಕ್ತಿ ಇತ್ತು. ಇದನ್ನು ಮೊದಲು ಕಂಡುಹಿಡಿದವರು ಗಂಗಾಂಬಿಕೆಯವರೇ, ತಲೆಯಾಡಿಸಿ ಒಪ್ಪಿಕೊಂಡವನು ಅವರ ಡ್ರೈವರ್ ತಿಮ್ಮಪ್ಪ.

ಕಾರು ಬಂದ ಮೊದಲ ಗುರುವಾರ ಇಬ್ಬರೂ ಕೊಣನೂರಿಗೆ ಹೊರಟಿದ್ದರು. ಗಂಗಾಂಬಿಕೆಯವರಿಗೆ ಹೊಳೆನರಸೀಪುರದಲ್ಲಿ ಒಂದು ಜವಳಿ ಅಂಗಡಿ, ತವರೂರಾದ ಕೊಣನೂರಿನಲ್ಲಿ ಇನ್ನೊಂದು. ಸೋಮವಾರ ಮತ್ತು ಗುರುವಾರ ಅಲ್ಲಿಗೆ ಹೋಗಿ, ಸೀರೆಯ ರಾಶಿಯನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಎತ್ತಿಡಿಸಿ ಬರದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಊರು ದಾಟಿ ಬಸವಣ್ಣನ ಗುಡಿಯ ಎದುರು ಬಂದಾಗ ಇಬ್ಬರೂ ಎಂದಿನಂತೆ ಕೈ ಮುಗಿದರು. ಸ್ಟೇರಿಂಗಿನ ಹಿಂದಿನ ಪರದೆಯಲ್ಲಿ ಎರಡು ಕೈಗಳ ಚಿತ್ರ ಕೆಂಪಗೆ ಮೂಡಿತು. ಅದರ ಜೊತೆಗೆ ಟಿಣ್ ಟಿಣ್ ಎಂದು ಗಂಟೆಯ ಸದ್ದು.

“ಏನೋ ತಿಮ್ಮಪ್ಪ ಅದು?” ಗಂಗಾಂಬಿಕೆಯವರು ಹಿಂದಿನ ಸೀಟಿನಿಂದ ಕೇಳಿದರು.

“ಗಂಟೆ ಕಣ್ರವ್ವ. ಎಲ್ಡು ಕೈ ತೋರುಸ್ತಾ ಅದೆ. ಮುಗೀರಿ ಅಂತಾ ಇರ್ಬೇಕು.”

“ನಾವಾಗ್ಲೇ ಮುಗಿದ್ವಲ್ಲ.”

“ಅದ್ಕೇ ಒಡೀತೇನೋ. ಪೂಜೆ ಆದ್‌ಮ್ಯಾಕೆ ತಾನೆ ಗಂಟೆ.”

ಮುಂದಿನ ಆಂಜನೇಯನ ಎದುರೂ ಗಂಟೆ ಹೊಡೆಯಿತು. ಮಾರಮ್ಮನ ಎದುರೂ ಹೊಡೆಯಿತು. ಅರಕಲಗೂಡು ಬರುವ ಹೊತ್ತಿಗೆ ಗಂಗಾಂಬಿಕೆಯವರ ಕಣ್ಣು ತುಂಬಿಬಂದಿತ್ತು. ಮಗಳು ಇಷ್ಟೊಂದು ಯೋಚನೆ ಮಾಡಿ ಗಾಡಿ ತೆಗೆದುಕೊಟ್ಟಿದ್ದಾಳೆ ಎಂದು ಅವರು ಅವತ್ತು ಎರಡೂ ಅಂಗಡಿಯ ಗಿರಾಕಿಗಳಿಗೆಲ್ಲ ಹೇಳಿದರು. ಎಲ್ಲೆಲ್ಲಿ ಯಾವ ದೇವರಿದೆ ಎಂದು ಕಂಪನಿಯವರು ಮೊದಲೇ ತಿಳಿದುಕೊಂಡು ಗಂಟೆ ಕೂರಿಸಿದ್ದಾರಂತೆ ಎಂಬುದನ್ನೂ ಸೇರಿಸಿದರು. ಸೀರೆ ಮಾರುವವರ ಮಾತಿನಲ್ಲಿ ಅಷ್ಟು ಜರಿ ಇರಲೇಬೇಕು.

ತಿಮ್ಮಪ್ಪನಿಗೆ ಮಾತ್ರ ಬೇರೊಂದು ವಿಷಯ ಮನಸ್ಸಿಗೆ ತಾಗಿತ್ತು. ಅರಕಲಗೂಡು ದಾಟಿ ಕೊಣನೂರು ಇನ್ನು ಸ್ವಲ್ಪ ದೂರ ಎನ್ನುವಾಗ ನಾಲೆಯ ಪಕ್ಕ ಒಂದು ತಿರುವು ಬರುತ್ತದೆ. ಅಲ್ಲಿ ಗುಡಿಯಿಲ್ಲ, ಕುಂಕುಮ ಹಚ್ಚಿದ ಕಲ್ಲೂ ಇಲ್ಲ. ಇರುವುದು ಒಂದು ಹೊಂಗೆ ಮರ. ಗಂಗಾಂಬಿಕೆಯವರು ಅಷ್ಟು ಹೊತ್ತಿಗೆ ಬಾಯಿ ತೆರೆದು ನಿದ್ದೆ ಹೋಗಿರುತ್ತಾರೆ. ಆ ತಿರುವಿನಲ್ಲೂ ಕಾರು ಗಂಟೆ ಹೊಡೆಯಿತು. ತಿಮ್ಮಪ್ಪನ ಮೈ ಜುಮ್ಮೆಂದಿತು. ಬದುಕಿರುವವರಲ್ಲಿ ತನ್ನೊಬ್ಬನಿಗೆ ಮಾತ್ರ ಗೊತ್ತಿರುವ ಜಾಗ ಅದು. ಈ ಗಾಡಿಗೆ ಯಾರು ಹೇಳಿದರು? ಅವತ್ತು ಸಂಜೆ ಕಾರನ್ನು ಒರೆಸುವಾಗ ಅವನು ಬಾನೆಟ್ಟಿಗೆ ಕಾಲು ತಾಗದಂತೆ ಎಚ್ಚರ ವಹಿಸಿದ.

ಅರವತ್ತೊಂದು ವರ್ಷದ ತಿಮ್ಮಪ್ಪ ಈ ಮನೆಯ ಗಾಡಿ ಓಡಿಸಲು ಬಂದು ಮೂವತ್ತನಾಲ್ಕು ವರ್ಷ. ನಾಲ್ಕು ಕಾರು ಅವನ ಕೈಯಲ್ಲಿ ಸವೆದವು. ಗಂಗಾಂಬಿಕೆಯವರ ಯಜಮಾನರು ಚನ್ನಬಸವಯ್ಯನವರು ತೀರಿಕೊಂಡು ಹತ್ತು ವರ್ಷವಾಯಿತು. ಈ ಮೂವತ್ತನಾಲ್ಕು ವರ್ಷದಲ್ಲಿ ಎಮ್ಮೆಯ ಬಾಲ ಕೂಡ ತನ್ನ ಗಾಡಿಗೆ ತಗುಲಿಲ್ಲ ಎಂದು ಅವನು ಹೇಳಿಕೊಳ್ಳುತ್ತಿದ್ದ. ಹೇಳುವಾಗ ಕುತ್ತಿಗೆ ಸ್ವಲ್ಪ ಉದ್ದವಾಗುತ್ತಿತ್ತು, ಅದು ಅವನಿಗೆ ಗೊತ್ತಿರಲಿಲ್ಲ.

ತಿಂಗಳು ತುಂಬಿದ ಮಾರನೆಯ ದಿನ ಗಂಗಾಂಬಿಕೆಯವರ ಮಗಳು ತೇಜಶ್ರೀ ಹಾಸನದಿಂದ ಬಂದಿಳಿದಳು. ಹಾಸನದಲ್ಲಿ ಅವಳು ಹಲ್ಲಿನ ಡಾಕ್ಟರು. ಈ ಕಾರನ್ನು ಹತ್ತು ಕಡೆ ವಿಚಾರಿಸಿ ಆರಿಸಿದವಳು ಅವಳೇ. ಇದರ ಸ್ಟೇರಿಂಗನ್ನು ಕಂಪ್ಯೂಟರು ಕಾಯುತ್ತಿರುತ್ತದೆ, ಗಾಡಿ ಬಿಳಿ ಗೆರೆ ಬಿಟ್ಟು ಸರಿದರೆ ತಾನೇ ಮೆಲ್ಲಗೆ ಎಳೆದು ಸಾಲಿಗೆ ತರುತ್ತದೆ, ಡ್ರೈವರನ ಕೈ ಸ್ಟೇರಿಂಗ್ ಮೇಲೆ ಇದೆಯೋ ಇಲ್ಲವೋ ಎಂದು ಸದಾ ಗಮನಿಸುತ್ತದೆ, ತಿಂಗಳಿಗೊಮ್ಮೆ ಮಾಲೀಕರ ಫೋನಿಗೆ ವರದಿ ಕಳಿಸುತ್ತದೆ. ಆ ಮೊದಲ ವರದಿಯನ್ನು ಹಿಡಿದುಕೊಂಡೇ ಅವಳು ಬಂದಿದ್ದಳು.

“ತಿಮ್ಮಪ್ಪಣ್ಣ, ಒಂದು ತಿಂಗಳಲ್ಲಿ ಇನ್ನೂರ ಇಪ್ಪತ್ತನಾಲ್ಕು ಸಲ ನೀವು ಸ್ಟೇರಿಂಗ್‌ನಿಂದ ಎರಡೂ ಕೈ ತೆಗೆದಿದ್ದೀರಿ.”

ತಿಮ್ಮಪ್ಪ ನಕ್ಕ. ಅವಳು ನಗಲಿಲ್ಲ.

“ಇಲ್ಲ ಕಣ್ ತೇಜಮ್ಮ. ನಾನು ಕೈ ಬುಟ್ಟಿಲ್ಲ. ಒಂದ್ಸಲಾನೂ ಬುಟ್ಟಿಲ್ಲ. ಬೇಕಾದ್ರೆ ಅವ್ವನ್ನೇ ಕೇಳಿ.”

“ಅವನು ಯಾಕೆ ಬಿಡ್ತಾನೆ?” ಎಂದರು ಗಂಗಾಂಬಿಕೆ. “ನಾನು ಹಿಂದೇನೇ ಕೂತಿರ್ತೀನಲ್ಲ.”

“ನೀನು ನಿದ್ದೆ ಮಾಡ್ತಿರ್ತೀಯ ಅಮ್ಮ.”

ತೇಜಶ್ರೀಯ ತೀರ್ಮಾನ ಆಗಿಹೋಗಿತ್ತು. ಒಂದನೇ ತಾರೀಖಿನಿಂದ ಹಾಸನದ ಬೇರೊಬ್ಬ ಡ್ರೈವರು ಬರುತ್ತಾನೆ. ತಿಮ್ಮಪ್ಪಣ್ಣ ಅಂಗಡಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು ಬಂದವರಿಗೆ ಬನ್ನಿ ಎನ್ನಲಿ. ಸಂಬಳ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಅವಳು ಇದನ್ನೆಲ್ಲ ಪ್ರೀತಿಯಿಂದಲೇ ಹೇಳಿದಳು, ಅದಕ್ಕೇ ತಿಮ್ಮಪ್ಪನಿಗೆ ಜಗಳವಾಡಲೂ ಆಗಲಿಲ್ಲ. ಸ್ಟೂಲಿನ ಮೇಲೆ ಕೂತ ತನ್ನನ್ನು ಅವನು ಒಂದು ಕ್ಷಣ ಕಣ್ಣೆದುರು ತಂದುಕೊಂಡ. ಬಸ್ ಸ್ಟ್ಯಾಂಡಿನ ಡ್ರೈವರುಗಳೆಲ್ಲ ಆ ದಾರಿಯಲ್ಲೇ ಟೀ ಕುಡಿಯಲು ಹೋಗುತ್ತಾರೆ.

“ಮಿಸೀನೇ ಸುಳ್ಳು ಏಳ್ತಾ ಇದ್ರೆ?” ಎಂದ.

ಈ ಒಂದು ಮಾತನ್ನು ಗಂಗಾಂಬಿಕೆ ಗಟ್ಟಿಯಾಗಿ ಹಿಡಿದುಕೊಂಡರು. ಮನುಷ್ಯ ಹೇಳಿದ್ದನ್ನು ನಂಬದೆ ಕಾರು ಹೇಳಿದ್ದನ್ನು ನಂಬುವುದು ಯಾವ ನ್ಯಾಯ ಎಂದರು. ಕೊನೆಗೆ ಒಪ್ಪಂದವಾಯಿತು. ಹಾಸನದ ಶೋರೂಮಿನಿಂದ ಒಬ್ಬರು ಬಂದು ಪರೀಕ್ಷೆ ಮಾಡಲಿ. ಕಾರಿನ ತಪ್ಪಾದರೆ ತಿಮ್ಮಪ್ಪ ಉಳಿಯುತ್ತಾನೆ, ಅವನ ತಪ್ಪಾದರೆ ಅಲ್ಲೇ ಕೀ ಕೊಟ್ಟುಬಿಡಬೇಕು. ಅವತ್ತು ಮನೆಗೆ ಹೋಗಿ ಹೆಂಡತಿ ಪುಟ್ಟತಾಯಮ್ಮನಿಗೆ ತಿಮ್ಮಪ್ಪ ಇಷ್ಟೇ ಹೇಳಿದ: “ಗುರುವಾರ ಆ ಗಾಡಿ ಮರ್ವಾದೆ ಓಯ್ತದೆ ನೋಡ್ತಾ ಇರು.”

ಗುರುವಾರ ಬೆಳಗ್ಗೆ ಶೋರೂಮಿನಿಂದ ಯಶಸ್ವಿನಿ ಎಂಬ ಹುಡುಗಿ ಬಂದಳು. ದೊಡ್ಡಗದ್ದವಳ್ಳಿಯವಳು, ಸ್ಟೇರಿಂಗ್ ವಿಭಾಗದ ಟೆಕ್ನಿಷಿಯನ್ನು. ಲ್ಯಾಪ್‌ಟಾಪಿನ ವೈರನ್ನು ಕಾರಿಗೆ ಸಿಕ್ಕಿಸಿ ಮುಂದಿನ ಸೀಟಿನಲ್ಲಿ ಕೂತಳು. ಹಿಂದೆ ತಾಯಿ, ಮಗಳು. ತೇಜಶ್ರೀ ಕ್ಲಿನಿಕ್ಕಿಗೆ ರಜ ಹಾಕಿಯೇ ಬಂದಿದ್ದಳು. ತಿಮ್ಮಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ, ಹಣೆಗೆ ಉದ್ದನೆಯ ಕುಂಕುಮ ಇಟ್ಟುಕೊಂಡು ಗೆಲ್ಲಲೆಂದೇ ಬಂದಿದ್ದ.

ಬಸವಣ್ಣನ ಗುಡಿ ಬಂತು. ಗಂಗಾಂಬಿಕೆ ಕಣ್ಣುಮುಚ್ಚಿ ಕೈ ಮುಗಿದರು. ತೇಜಶ್ರೀಯೂ ಮುಗಿದಳು. ಯಶಸ್ವಿನಿ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಭದ್ರಪಡಿಸಿ, ಕಣ್ಣುಮುಚ್ಚಿ, ಕೈ ಮುಗಿದಳು. ಟಿಣ್ ಟಿಣ್. ಮೂವರೂ ಕಣ್ಣು ತೆರೆದಾಗ ತಿಮ್ಮಪ್ಪನ ಎರಡೂ ಕೈ ಸ್ಟೇರಿಂಗಿನ ಮೇಲೇ ಇದ್ದವು.

“ಬಂತಲ್ಲ, ಈಗ ಬಂತು,” ಎಂದು ಯಶಸ್ವಿನಿ ಪರದೆ ನೋಡಿದಳು. “ಆದ್ರೆ ಕೈ ಇಲ್ಲೇ ಇದೆ.”

“ನಾನು ಏಳಿಲ್ವಾ?” ಎಂದ ತಿಮ್ಮಪ್ಪ. ಕುತ್ತಿಗೆ ಉದ್ದವಾಯಿತು.

ಆಂಜನೇಯನ ಹತ್ತಿರ ಇದೇ ಆಯಿತು, ಮಾರಮ್ಮನ ಹತ್ತಿರವೂ ಇದೇ. ಕಾರಿನಲ್ಲಿ ನಾಲ್ಕು ಜನ ಇದ್ದರು, ಓದಿದವರು ಇಬ್ಬರು, ಸ್ಟೇರಿಂಗನ್ನೇ ನೋಡಲೆಂದು ಬಂದವಳು ಒಬ್ಬಳು. ನೋಡಬೇಕಾದ ಆ ಮೂರು ಸೆಕೆಂಡು ಮಾತ್ರ ಎಲ್ಲರೂ ದೇವರ ಕಡೆ ತಿರುಗಿರುತ್ತಿದ್ದರು.

ಯಶಸ್ವಿನಿಯ ಹುಬ್ಬು ಗಂಟಿಕ್ಕಿತು. “ಇದು ಹೆಂಗೆ ಅಂತಾನೇ ಅರ್ಥ ಆಗ್ತಿಲ್ಲ ಮೇಡಂ. ಈ ಸ್ಟೇರಿಂಗ್‌ನಲ್ಲಿ ಒಂದೇ ಕೆಲಸಕ್ಕೆ ಇಬ್ರು ಇದಾರೆ, ಎರಡು ಸೆನ್ಸರ್. ಒಬ್ಬ ಕೈಯ ಹಿಡಿತ ಅಳೀತಾನೆ, ಇನ್ನೊಬ್ಬ ಅವನು ಸರಿಯಾಗಿ ಅಳೆದ್ನಾ ಅಂತ ನೋಡ್ತಾನೆ. ಇಬ್ರ ಮಾತು ಬೇರೆ ಆದ್ರೆ ಕಾರೇ ದೂರು ಕೊಡುತ್ತೆ. ಇಲ್ಲಿ ಇಬ್ರೂ ಕೈ ಇರ್ಲಿಲ್ಲ ಅಂತಾನೇ ಹೇಳ್ತಿದಾರೆ.”

“ಅತ್ತೆ ಸೊಸೆ ಇದ್ದಂಗೆ ಅನ್ನು,” ಎಂದರು ಗಂಗಾಂಬಿಕೆ. ಸ್ವಲ್ಪ ಯೋಚಿಸಿ, “ಅವರಿಬ್ರೂ ಒಂದೇ ಮಾತು ಹೇಳ್ತಿದಾರೆ ಅಂದ್ರೆ ನಿಜಾನೇ ಇರ್ಬೇಕಲ್ಲ,” ಎಂದು ತಮಗೇ ಹೇಳಿಕೊಂಡರು. ತಿಮ್ಮಪ್ಪನಿಗೆ ಆ ಮಾತು ಹಿಡಿಸಲಿಲ್ಲ.

ಅರಕಲಗೂಡಿಗೆ ಸ್ವಲ್ಪ ಮುಂಚೆ ವೀರಭದ್ರನ ಗುಡಿ. ತಿಮ್ಮಪ್ಪ ಎದೆಯ ಮುಂದೆ ಕೈ ಜೋಡಿಸಿದ, ಎರಡೂ ಕೆನ್ನೆ ಮುಟ್ಟಿಕೊಂಡ, ಬೆರಳನ್ನು ತುಟಿಗೆ ಒತ್ತಿಕೊಂಡ. ಆಗ ಯಾರೋ ತನ್ನನ್ನೇ ನೋಡುತ್ತಿದ್ದಾರೆ ಅನಿಸಿತು. ಎಡಕ್ಕೆ ತಿರುಗಿದರೆ ಯಶಸ್ವಿನಿ. ಅವಳು ಈ ಸಲ ಒಂದು ಕಣ್ಣು ಮುಚ್ಚಿರಲಿಲ್ಲ. ಗಂಟೆ ಹೊಡೆಯಿತು.

“ಅಂಕಲ್, ಈಗೇನು ಮಾಡಿದ್ರಿ?”

“ಏನಿಲ್ವಲ್ಲವ್ವ. ಕೈ ಮುಗ್ದೆ.”

“ಸ್ಟೇರಿಂಗ್ ಯಾರು ಹಿಡ್ಕೊಂಡಿದ್ರು?”

“ಮಂಡಿ ಕೊಟ್ಟಿದ್ದೆ.”

ಊಟ ಆಯಿತು ಎನ್ನುವಷ್ಟೇ ಸಹಜವಾಗಿ ಅವನು ಅದನ್ನು ಹೇಳಿದ. ಹೇಳಿ ಮುಗಿಸಿದ ಮೇಲೆ ತಾನು ಆಡಿದ ಮಾತು ಅವನಿಗೇ ಕೇಳಿಸಿತು. ಮೂವತ್ತನಾಲ್ಕು ವರ್ಷ ಅವನು ಪ್ರತಿ ಗುಡಿಯ ಎದುರೂ ಬಲಮಂಡಿಯನ್ನು ಸ್ಟೇರಿಂಗಿಗೆ ಒತ್ತಿ ಕೈ ಮುಗಿದಿದ್ದ. ಅದನ್ನು ಕೈ ಬಿಡುವುದು ಎಂದು ಅವನು ಎಣಿಸಿಯೇ ಇರಲಿಲ್ಲ. ಉಸಿರಾಡುವುದನ್ನು ಯಾರಾದರೂ ಎಣಿಸುತ್ತಾರೆಯೇ?

ಅರಕಲಗೂಡಿನ ಹೋಟೆಲಿನಲ್ಲಿ ತಟ್ಟೆ ಇಡ್ಲಿ ಬಂತು, ಯಾರೂ ಚಟ್ನಿ ಮುಟ್ಟಲಿಲ್ಲ. ಯಶಸ್ವಿನಿ ಲ್ಯಾಪ್‌ಟಾಪಿನಲ್ಲಿ ದಾರಿಯ ನಕಾಶೆ ತೆರೆದಳು. ದಾರಿಯುದ್ದಕ್ಕೂ ಕೆಂಪು ಚುಕ್ಕಿಗಳು. ಹೋಗುತ್ತಾ ಹದಿನಾಲ್ಕು, ಬರುತ್ತಾ ಅದೇ ಹದಿನಾಲ್ಕು, ತಿಂಗಳಿಗೆ ಎಂಟು ಸಲ.

ಗಂಗಾಂಬಿಕೆ ಕನ್ನಡಕ ಏರಿಸಿ ಬೆರಳಿಟ್ಟು ಓದತೊಡಗಿದರು. “ಇದು ನಮ್ಮ ಬಸವಣ್ಣ. ಇದು ಆಂಜನೇಯ. ಇದು ಮಾರಮ್ಮ. ಇದು... ದರ್ಗಾ ಅಲ್ವೇನೋ? ಅಲ್ಲಿಗೂ ಮುಗೀತೀಯಾ?”

“ಅಲ್ಲೂ ದೊಡ್ಡೋರೇ ಅಲ್ವಾ ಅವ್ವ ಮಲಗಿರೋದು,” ಎಂದ ತಿಮ್ಮಪ್ಪ ತಲೆ ಎತ್ತದೆ.

“ಅಂದ್ರೆ ಗಂಟೆ ದೇವರಿಗಲ್ಲ,” ಎಂದರು ಗಂಗಾಂಬಿಕೆ. ಎರಡೂ ಅಂಗಡಿಯ ಗಿರಾಕಿಗಳು ಅವರ ಕಣ್ಣ ಮುಂದೆ ಬಂದು ನಿಂತಿರಬೇಕು. “ಹದಿಮೂರು ಆಯ್ತು. ಇದೊಂದು ಯಾವ ದೇವರು? ಇಲ್ಲಿ ಏನೂ ಇಲ್ಲವಲ್ಲ.”

ಅವರ ಬೆರಳು ನಾಲೆಯ ಪಕ್ಕದ ತಿರುವಿನ ಮೇಲಿತ್ತು. ತಿಮ್ಮಪ್ಪ ಕಾಫಿ ಲೋಟ ಕೆಳಗಿಟ್ಟ.

“ಅಂಕಲ್, ಮೂರು ಸೆಕೆಂಡ್ ಕೈ ಬಿಟ್ರೆ ಗಂಟೆ ಬರುತ್ತೆ,” ಎಂದಳು ಯಶಸ್ವಿನಿ ಮೃದುವಾಗಿ. “ಅರವತ್ತರ ಸ್ಪೀಡಲ್ಲಿ ಅಷ್ಟು ಹೊತ್ತಿಗೆ ಗಾಡಿ ಐವತ್ತು ಮೀಟರ್ ಹೋಗಿರುತ್ತೆ. ನೀವು ಮಂಡಿ ಹಿಡಿದಿದೆ ಅಂದ್ಕೊಂಡಿದ್ರಿ. ಹಿಡಿದಿದ್ದದ್ದು ಕಾರು. ಈ ತಿಂಗಳಲ್ಲಿ ಮೂರು ಸಲ ಗಾಡಿ ಪೂರ್ತಿ ಎಡಕ್ಕೆ ಸರಿದಿದೆ, ಕಾರೇ ಎಳ್ಕೊಂಡು ಬಂದಿದೆ.”

ತಿಮ್ಮಪ್ಪನಿಗೆ ಬೈಸಿಕೊಂಡಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಮೂರು ಸಲ. ಹಿಂದಿನ ಸೀಟಿನಲ್ಲಿ ಅವ್ವ ಮಲಗಿದ್ದಾಗ. ತನ್ನ ಮಂಡಿಗೆ ವಯಸ್ಸಾಗಿದೆ, ಅದನ್ನು ಹೇಳಲು ಗಂಟೆ ಬೇಕಾಯಿತು, ಆ ಗಂಟೆಯನ್ನೂ ತಾನು ಮಂಗಳಾರತಿ ಎಂದುಕೊಂಡ. ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಎದ್ದು ನಿಂತು ಜೇಬಿನಿಂದ ಕೀ ತೆಗೆದ.

“ತೇಜಮ್ಮ, ಕೊಣನೂರು ಗಂಟ ನಾನೇ ಓಡುಸ್ತೀನಿ. ಅಲ್ಲಿ ಕೀ ಕೊಟ್‌ಬುಡ್ತೀನಿ. ಬರೋವಾಗ ನೀವು ಓಡುಸ್ಕಂಡ್ ಬನ್ನಿ.”

ತೇಜಶ್ರೀ ತಾಯಿಯ ಮುಖ ನೋಡಿದಳು, ಆಮೇಲೆ ಆಗಲಿ ಎಂದಳು. ಅವಳಿಗೂ ಸಂತೋಷವಿರಲಿಲ್ಲ.

ಅರಕಲಗೂಡಿನಿಂದ ಮುಂದೆ ತಿಮ್ಮಪ್ಪ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದ. ಮುನೇಶ್ವರ ಬಂದ, ಹೋದ. ಬೆರಳುಗಳು ತಾವಾಗಿಯೇ ಏಳಲು ನೋಡಿದವು, ಅವನು ಬಿಡಲಿಲ್ಲ. ಹಿಂದಿನಿಂದ ಗಂಗಾಂಬಿಕೆಯ ದನಿ ಬಂತು.

“ನೀನು ಹಿಡ್ಕೋ. ನಿನ್ನದೂ ಸೇರಿಸಿ ನಾನೇ ಮುಗಿದಿದೀನಿ.”

ಮುಂದಿನ ಗುಡಿಗಳಿಗೂ ಅವರು ಎರಡೆರಡು ಸಲ ಕೈ ಮುಗಿದರು, ಒಮ್ಮೆ ತಮ್ಮ ಲೆಕ್ಕಕ್ಕೆ, ಒಮ್ಮೆ ಅವನ ಲೆಕ್ಕಕ್ಕೆ. ಕಾರು ಒಂದು ಸಲವೂ ಸದ್ದು ಮಾಡಲಿಲ್ಲ. ಅವತ್ತು ಗಂಗಾಂಬಿಕೆಗೆ ನಿದ್ದೆಯೂ ಬರಲಿಲ್ಲ.

ನಾಲೆಯ ತಿರುವು ಹತ್ತಿರವಾದಾಗ ತಿಮ್ಮಪ್ಪ ಇಂಡಿಕೇಟರ್ ಹಾಕಿದ. ವೇಗ ಇಳಿಸಿ, ಹೊಂಗೆ ಮರದ ಪಕ್ಕ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಿ ಇಳಿದ. ಚಪ್ಪಲಿ ಬಿಟ್ಟು, ಮರದ ಕಡೆ ತಿರುಗಿ, ದಾರಿಯಲ್ಲಿ ಅರ್ಧಕ್ಕೆ ನಿಂತ ನಮಸ್ಕಾರಗಳನ್ನೆಲ್ಲ ಒಟ್ಟಿಗೆ ತೀರಿಸುವಂತೆ ಬಹಳ ಹೊತ್ತು ಮುಗಿದ.

ತೇಜಶ್ರೀ ಇಳಿದು ಬಂದಳು. “ಇಲ್ಲಿ ಯಾವ ದೇವರಿದೆ ತಿಮ್ಮಪ್ಪಣ್ಣ?”

“ದೇವ್ರು ಇಲ್ಲ ಕಣ್ರವ್ವ.” ಅವನು ನಾಲೆಯನ್ನು ನೋಡುತ್ತಾ ಹೇಳಿದ. “ಮೂವತ್ತೆರಡು ವರ್ಸ ಆಯ್ತು. ಕೊಣನೂರಿಂದ ವಾಪಸ್ ಬತ್ತಾ ಇದ್ದೋ. ಹಳೇ ಬಿಳಿ ಕಾರು. ಯಜಮಾನ್ರು ನನ್ ಪಕ್ಕ. ನೀವು ಮೂರು ವರ್ಸದ ಕೂಸು, ಅವ್ವನ ತೊಡೆ ಮ್ಯಾಲೆ ಮಲಗಿದ್ರಿ. ಅವ್ವಾನೂ ಮಲಗಿದ್ರು. ಇಲ್ಲಿಗ್ ಬಂದು ಸ್ಟೇರಿಂಗ್ ತಿರುಗುಸ್ತೀನಿ, ಚಕ್ರ ತಿರುಗಾಕಿಲ್ಲ. ಕೈಯಾಗೆ ಸುಮ್ನೆ ಬಳೆ ತಿರುಗ್ದಂಗೆ ತಿರುಗ್ತದೆ. ಕೆಳಗಡೆ ರಾಡು ಕಳಚ್ಕಂಡಿತ್ತು. ಆಗ ಗಂಟೆ ಗಿಂಟೆ ಏನೂ ಇರ್ಲಿಲ್ಲ. ಗಾಡಿ ಬ್ರೇಕಿಗೂ ನಿಲ್ದೆ ಜಾರ್ಕಂಡು ಈ ಬೇರಿಗೆ ತಗುಲಿ ನಿಂತ್ಕತು. ಮುಂದ್ಲ ಚಕ್ರದಿಂದ ನಾಲೆಗೆ ಇಷ್ಟೇ.”

ಅವನು ಗೇಣು ಬಿಡಿಸಿ ತೋರಿಸಿದ.

ಗಂಗಾಂಬಿಕೆ ಕಾರಿನ ಬಾಗಿಲು ಹಿಡಿದು ನಿಂತಿದ್ದರು. “ಪಂಕ್ಚರ್ ಅಂದಿದ್ರಲ್ಲೋ.”

“ಯಜಮಾನ್ರು ಅಂಗೇ ಏಳು ಅಂದ್ರು ಅವ್ವ. ನಿಜ ಏಳಿದ್ರೆ ನೀವು ಇನ್ಮ್ಯಾಕೆ ಕಾರೇ ಅತ್ತಾಕಿಲ್ಲ ಅಂತ.”

“ನಾನು ಈ ಮರದ ಕೆಳಗೆ ಕೂತು ಇವಳಿಗೆ ಬಾಳೆಹಣ್ಣು ತಿನ್ನಿಸಿದ್ದೆ,” ಎಂದರು ಗಂಗಾಂಬಿಕೆ ನಿಧಾನವಾಗಿ. “ಅವರು ಒಂದು ಮಾತೂ ಆಡದೆ ನಾಲೇನೇ ನೋಡ್ತಾ ನಿಂತಿದ್ರು. ಪಂಕ್ಚರ್‌ಗೆ ಇಷ್ಟು ಯಾಕೆ ಮುಖ ಸಪ್ಪಗೆ ಮಾಡ್ಕೊಂಡಿದಾರೆ ಅಂತ ನಾನು ಬೈದಿದ್ದೆ.”

ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ತೇಜಶ್ರೀ ಮರದ ಬೇರಿನಿಂದ ನಾಲೆಯ ಅಂಚಿನವರೆಗೆ ಕಣ್ಣಲ್ಲೇ ಅಳೆದಳು. ನೀರು ತುಂಬಿ ಹರಿಯುತ್ತಿತ್ತು. ಆಮೇಲೆ ಅವಳು ಹೋಗಿ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು.

“ಹೊತ್ತಾಯ್ತು ತಿಮ್ಮಪ್ಪಣ್ಣ. ಹೊರಡಿ.”

ತಿಮ್ಮಪ್ಪ ಕೊಣನೂರಿನಲ್ಲಿ ಕೀ ಚಾಚಿದಾಗ ಅವಳು ತೆಗೆದುಕೊಳ್ಳಲಿಲ್ಲ. “ಒಂದು ಮಾತು ಕೇಳಿ. ನಮಸ್ಕಾರ ಮಾಡ್ಬೇಕು ಅನ್ಸಿದ್ರೆ ಈಗ ಮಾಡಿದ್ರಲ್ಲ, ಹಂಗೆ ನಿಲ್ಲಿಸಿ, ಇಳಿದು ಮಾಡಿ. ಹದಿನಾಲ್ಕು ಕಡೆ ಆದ್ರೂ ಸರಿ. ಮಂಡಿ ಮಾತ್ರ ಬೇಡ.”

ಅಂದಿನಿಂದ ಕೊಣನೂರಿನ ಪಯಣಕ್ಕೆ ಮುಕ್ಕಾಲು ಗಂಟೆ ಹೆಚ್ಚಾಯಿತು. ಪ್ರತಿ ಗುಡಿಯ ಎದುರೂ ಇಂಡಿಕೇಟರ್ ಹಾಕಿ ನಿಲ್ಲುವ ಈ ಕಾರನ್ನು ಕಂಡು ಹಿಂದಿನ ಬಸ್ಸಿನವರು ಬೈದುಕೊಂಡು ಮುಂದೆ ಹೋಗುತ್ತಾರೆ. ತಿಮ್ಮಪ್ಪ ಕೈ ಬೀಸಿ ದಾರಿ ಬಿಡುತ್ತಾನೆ. ಗಂಗಾಂಬಿಕೆ ನಾಲೆಯ ತಿರುವು ಬರುವ ತನಕ ನಿದ್ದೆ ಹೋಗುವುದಿಲ್ಲ. ಗಿರಾಕಿಗಳಿಗೆ ಗಂಟೆ ಕೆಟ್ಟುಹೋಗಿದೆ ಎಂದು ಹೇಳಿದ್ದಾರೆ.

ಮುಂದಿನ ತಿಂಗಳ ಕೊನೆಯಲ್ಲಿ ತಂಗಿಯ ಮೊಮ್ಮಗುವಿನ ನಾಮಕರಣಕ್ಕೆಂದು ತಿಮ್ಮಪ್ಪ ಚನ್ನರಾಯಪಟ್ಟಣಕ್ಕೆ ಹೋಗಿದ್ದ. ಆ ಒಂದು ಗುರುವಾರ ತೇಜಶ್ರೀಯೇ ತಾಯಿಯನ್ನು ಕೊಣನೂರಿಗೆ ಕರೆದೊಯ್ದಳು. ಎರಡು ದಿನ ಬಿಟ್ಟು ಅವನು ಕಾರು ಒರೆಸುತ್ತಿದ್ದಾಗ ಅವಳ ಫೋನು ಬಂತು.

“ತಿಮ್ಮಪ್ಪಣ್ಣ, ಈ ತಿಂಗಳ ವರದಿ ಬಂದಿದೆ. ನಿಮ್ಮದು ಒಂದೂ ಇಲ್ಲ.” ಸ್ವಲ್ಪ ತಡೆದು ಹೇಳಿದಳು, “ಒಟ್ಟು ಒಂದು ಇದೆ. ಗುರುವಾರದ್ದು.”

“ಯಾವ ಜಾಗ ತೇಜಮ್ಮ?”

“ನಾಲೆ ಹತ್ರ.” ಕೂಡಲೇ ಸೇರಿಸಿದಳು, “ನಾನು ಕೈ ಬಿಟ್ಟಿಲ್ಲ. ಸೆನ್ಸರ್ ಕೆಟ್ಟಿರ್ಬೇಕು.”

ತಿಮ್ಮಪ್ಪ ಒರೆಸುವ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡ.

“ಮಂಡಿ ಕೊಟ್ಟಿದ್ರಾ?” ಎಂದು ಕೇಳಿದ.

ಆ ಕಡೆಯಿಂದ ಉತ್ತರ ಬರಲು ಮೂರು ಸೆಕೆಂಡಿಗಿಂತ ಹೆಚ್ಚೇ ಆಯಿತು.

“ಹ್ಞೂಂ ಅಣ್ಣ,” ಎಂದಳು ತೇಜಶ್ರೀ.